ಹೊಟ್ಟೆ ಚಿಕ್ಕದಾಗುವ ಮುನ್ನ

ನಮ್ಮ ಶಾಲೆಗೆ ಹೋಗುವ ಸರ್ವಿಸ್ ಜೀಪಿನಲ್ಲಿ ಮುಂದಿನ ಸೀಟು ನನ್ನದೇ ಎಂದು ಎಷ್ಟೋ ವರ್ಷ ನಂಬಿಕೊಂಡಿದ್ದೆ. ಕಳಸದ ಸ್ಟ್ಯಾಂಡಿನಲ್ಲಿ ನಾನು ಕಾಣಿಸಿಕೊಂಡ ಕೂಡಲೇ ಡ್ರೈವರ್ ಅಬ್ಬಾಸ್ ಮುಂದೆ ಕೂತವರನ್ನು ಎಬ್ಬಿಸಿ, "ಬನ್ನಿ ಟೀಚರ್, ಇಲ್ಲಿ ಬನ್ನಿ" ಎನ್ನುತ್ತಿದ್ದ. ಹಿಂದೆ ಜನ ಮೊಣಕಾಲಿಗೆ ಮೊಣಕಾಲು ಒತ್ತಿಕೊಂಡು ಕೂತಿರುವಾಗ ನಾನೊಬ್ಬಳು ಮುಂದೆ ಹಾಯಾಗಿ ಕೂತು, ಕನ್ನಡ ಪಾಠ ಹೇಳುವವರಿಗೆ ಈ ಕಾಲದಲ್ಲೂ ಇಷ್ಟು ಮರ್ಯಾದೆ ಉಂಟಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ಒಂದು ದಿನ ನಮ್ಮ ಶಾಲೆಯ ಹಳೆಯ ಹೆಡ್‌ಮಾಸ್ಟರು ಕೋಲೂರಿಕೊಂಡು ಬಂದರು. ನಾನು ಎದ್ದು ಜಾಗ ಬಿಡಲು ಹೊರಟೆ. ಅಬ್ಬಾಸ್ ಗಾಬರಿಯಾದ.

"ಬೇಡ ಟೀಚರ್! ಸರ್ ಹಿಂದೆ ಕೂತ್ಕೊಳ್ತಾರೆ. ನೀವು ಹಿಂದೆ ಹೋದ್ರೆ ಮೂರು ಜನ ಇಳೀಬೇಕಾಗುತ್ತೆ."

ಅವನ ಮಾತಿನಲ್ಲಿ ಕುಹಕ ಇರಲಿಲ್ಲ. ಅವನಿಗೆ ಅದು ಬರೀ ಲೋಡಿನ ಲೆಕ್ಕ. ಹೆಡ್‌ಮಾಸ್ಟರು ನಕ್ಕು ಹಿಂದೆ ಹತ್ತಿದರು, ಜೀಪು ಹೊರಟಿತು. ನನಗೆ ಮಾತ್ರ ಆ ದಿನದ ದಾರಿ ತುಂಬ ಉದ್ದವಾಯಿತು.

ನಾನು ಹುಟ್ಟಾ ದಪ್ಪಗಿನವಳಲ್ಲ. ಅಪ್ಪ ಕುದುರೆಮುಖದ ಗಣಿ ಕಂಪನಿಯಲ್ಲಿ ಫಿಟ್ಟರ್ ಆಗಿದ್ದರು. ಅಲ್ಲಿನ ಟೌನ್‌ಶಿಪ್ಪಿನ ಶಾಲೆಯಲ್ಲಿ ನನ್ನನ್ನು ಕರೆಯುತ್ತಿದ್ದದ್ದೇ 'ಕಡ್ಡಿ' ಎಂದು. ಕಡ್ಡಿ ಯಾವಾಗ ಕೊರಡಾಯಿತು ಎಂದು ಕೇಳಿದರೆ ಹೇಳುವುದು ಕಷ್ಟ. ಎರಡನೆಯ ಹೆರಿಗೆ ಆದಮೇಲೆ ಸ್ವಲ್ಪ, ಥೈರಾಯ್ಡ್ ಶುರುವಾದಮೇಲೆ ಇನ್ನಷ್ಟು, ಅಪ್ಪ ತೀರಿಕೊಂಡ ವರ್ಷ ಯಾರೂ ನೋಡದಿರುವಾಗ ಅಡುಗೆಮನೆಯಲ್ಲಿ ನಿಂತುಕೊಂಡೇ ತಿಂದದ್ದು ಬಹಳಷ್ಟು. ಮೈ ಬರುವುದು ಗೆದ್ದಲು ಹತ್ತಿದ ಹಾಗೆ. ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ, ನಮಗೆ ಗೊತ್ತಾಗುವುದು ಬಾಗಿಲು ಕೈಗೆ ಬಂದಾಗ. ಮಂಡಿ ನೋವು ಬಂತು, ಸಕ್ಕರೆ ಕಾಯಿಲೆ ಬಂತು, ಬಿ.ಪಿ. ಬಂತು. ತೂಕ ನೂರಿಪ್ಪತ್ತು ದಾಟಿತು. ದೇವರಮನೆ ಬೆಟ್ಟಕ್ಕೆ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದರೆ ಅವರು ಗುಡ್ಡ ಹತ್ತುತ್ತಿದ್ದರು, ನಾನು ಬಸ್ಸಿನಲ್ಲಿ ಕೂತು ಅವರ ಚಪ್ಪಲಿ, ಬ್ಯಾಗು ಕಾಯುತ್ತಿದ್ದೆ. "ಟೀಚರಿಗೆ ಬಿಸಿಲು ಆಗೋದಿಲ್ಲ" ಎಂದು ಮಕ್ಕಳೇ ನನ್ನ ಪರವಾಗಿ ಸುಳ್ಳು ಹೇಳುತ್ತಿದ್ದವು. ಆ ಗುಡ್ಡದ ಮೇಲೆ ಮಂಜು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

ಇಷ್ಟೆಲ್ಲ ಆದರೂ ಆಪರೇಷನ್ನಿನ ಯೋಚನೆ ಬಂದದ್ದು ನನ್ನ ಕಷ್ಟದಿಂದಲ್ಲ. ನನ್ನ ಗಂಡ ನಾಗೇಶ ಕಾಫಿ, ಮೆಣಸು ಬೆಳೆಯುವ ಸಣ್ಣ ಹಿಡುವಳಿದಾರ, ಮಾತು ಕಡಿಮೆ. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಕೂತಲ್ಲೇ ತೂಕಡಿಸುತ್ತಿದ್ದರು.

"ಎಂತ ಇದು, ರಾತ್ರಿ ನಿದ್ದೆ ಬರ್ಲಿಲ್ವಾ?" ಎಂದೆ.

"ನೀನು ನಿದ್ದೇಲಿ ಉಸಿರು ನಿಲ್ಲಿಸ್ತೀಯ ಮಾರಾಯ್ತಿ," ಎಂದರು ಲೋಟದ ಕಡೆಗೇ ನೋಡುತ್ತ. "ನಿಂತದ್ದು ಮತ್ತೆ ಶುರುವಾಗುತ್ತೋ ಇಲ್ವೋ ಅಂತ ಕಾಯ್ತಾ ಕೂತ್ರೆ ನಂಗೆಲ್ಲಿ ನಿದ್ದೆ?"

"ಯಾವಾಗಿಂದ?"

"ಬಹಳ ದಿನ ಆಯ್ತು."

ನನ್ನ ಭಾರವನ್ನು ನಾನೊಬ್ಬಳೇ ಹೊರುತ್ತಿದ್ದೇನೆ ಎಂದುಕೊಂಡಿದ್ದೆ. ಪಕ್ಕದಲ್ಲಿ ಒಬ್ಬರು ನಿದ್ದೆ ಬಿಟ್ಟು ಅದಕ್ಕೆ ಹೆಗಲು ಕೊಟ್ಟಿದ್ದು ನನಗೆ ಗೊತ್ತೇ ಇರಲಿಲ್ಲ. ಆ ವಾರವೇ ಇಬ್ಬರೂ ಮಂಗಳೂರಿನ ಆಸ್ಪತ್ರೆಗೆ ಹೊರಟೆವು.

ಸರ್ಜನ್ ಡಾಕ್ಟರು ಹೆಂಗಸು, ತಾಳ್ಮೆಯವರು. ಹಾಳೆಯ ಮೇಲೆ ಹೊಟ್ಟೆಯ ಚಿತ್ರ ಬರೆದು ತೋರಿಸಿದರು. ಜಠರದ ಮುಕ್ಕಾಲು ಪಾಲು ಕತ್ತರಿಸಿ ತೆಗೆಯುತ್ತಾರಂತೆ. ಉಳಿಯುವುದು ಬಾಳೆಹಣ್ಣಿನಂಥ ಸಪೂರ ಚೀಲ. ನಾಗೇಶ ಆ ಚಿತ್ರವನ್ನೇ ನೋಡುತ್ತ, "ಯಾವ ಬಾಳೆ? ಪುಟ್ಟಬಾಳೆಯೋ ನೇಂದ್ರವೋ?" ಎಂದು ಕೇಳಿಬಿಟ್ಟರು. ತೋಟದವರಿಗೆ ಇಂಥ ವಿಷಯದಲ್ಲಿ ಖಚಿತತೆ ಬೇಕು. ಡಾಕ್ಟರು ನಗದೆ, "ಪುಟ್ಟಬಾಳೆ ಅಂತಲೇ ಇಟ್ಕೊಳ್ಳಿ" ಎಂದರು.

ಯಶೋದಕ್ಕ ನನಗೆ ಸಿಕ್ಕಿದ್ದು ಅದೇ ದಿನ, ಅದೇ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ. ಕೋಣೆಯ ತುಂಬ ಸ್ಟೀಲಿನ ಕುರ್ಚಿಗಳು, ಪ್ರತಿಯೊಂದಕ್ಕೂ ಎರಡು ಕೈ. ನಮ್ಮಂಥವರು ಆ ಕೈಗಳ ನಡುವೆ ಹಿಡಿಸುವುದಿಲ್ಲ, ಹಿಡಿಸಿದರೂ ಏಳುವಾಗ ಕುರ್ಚಿ ನಮ್ಮ ಜೊತೆಗೇ ಏಳುತ್ತದೆ. ಅಷ್ಟು ಖಾಲಿ ಕುರ್ಚಿಗಳ ನಡುವೆ ನಾನು ಗೋಡೆಗೆ ಒರಗಿ ನಿಂತಿದ್ದೆ. ಆಚೆ ಗೋಡೆಗೆ ಇನ್ನೊಬ್ಬರು, ನನಗಿಂತ ಏಳೆಂಟು ವರ್ಷ ದೊಡ್ಡವರು, ನನಗಿಂತ ತುಸು ಹೆಚ್ಚೇ ದಪ್ಪಗಿದ್ದವರು ನಿಂತಿದ್ದರು. ಕಣ್ಣಿಗೆ ಕಣ್ಣು ಸೇರಿತು. ಅವರು ನಿಧಾನ ಈಚೆ ಬಂದು, ದನಿ ತಗ್ಗಿಸಿ, "ನೀವೂ ಕೈ ಇಲ್ಲದ ಕುರ್ಚಿ ಗಿರಾಕಿನಾ?" ಎಂದರು. ನಾನು ಎಷ್ಟು ನಕ್ಕೆನೆಂದರೆ ನರ್ಸು ಬಂದು ನೋಡಿ ಹೋದಳು.

ಬಾಳೂರಿನವರು. ಗಂಡ ಇಲ್ಲ; ಮಗ ಪ್ರದೀಪ, ಸೊಸೆ, ನಾಲ್ಕು ಎಕರೆ ಕಾಫಿ. ಸೊಸೆಗೆ ಬಾಣಂತನ ಮಾಡಬೇಕಾದ ಕಾಲದಲ್ಲಿ ತನಗೆ ಬಗ್ಗಿ ಮಗುವಿಗೆ ನೀರು ಹಾಕಲು ಆಗಲಿಲ್ಲವಂತೆ. "ಸೊಸೆ ಏನೂ ಅನ್ಲಿಲ್ಲ ಮಾರಾಯ್ರೆ. ಅವ್ರಮ್ಮನ್ನ ಕರೆಸ್ಕೊಂಡ್ಳು ಅಷ್ಟೆ. ಅಂದಿದ್ರೇ ವಾಸಿ ಇತ್ತು." ಇಷ್ಟನ್ನೂ ಗೋಡೆಗೆ ಒರಗಿಕೊಂಡೇ ಹೇಳಿದರು.

ಮುಂದಿನ ಓಡಾಟಗಳಲ್ಲಿ ಇಬ್ಬರದೂ ಫೈಲು ಒಟ್ಟಿಗೇ ಓಡಿತು. ಡಾಕ್ಟರು ಒಪ್ಪಿದರು, ವಿಮೆಯವರೂ ಒಪ್ಪಿದರು. ಇನ್ನೇನು ಆಯಿತಲ್ಲ ಎಂದುಕೊಂಡರೆ, ಕಾಯುವುದು ನಿಜವಾಗಿ ಶುರುವಾದದ್ದೇ ಅಲ್ಲಿಂದ. ಸಕ್ಕರೆ ಹತೋಟಿಗೆ ಬರಬೇಕು. ಎಂಡೋಸ್ಕೋಪಿ ಆಗಬೇಕು. ಎಲ್ಲಕ್ಕಿಂತ ಮೊದಲು ಒಂದಷ್ಟು ತೂಕ ಇಳಿಯಬೇಕು! ತೂಕ ಇಳಿಯುವುದಿಲ್ಲವೆಂದು ಆಪರೇಷನ್ನಿಗೆ ಹೋದರೆ, ತೂಕ ಇಳಿಸಿಕೊಂಡು ಬನ್ನಿ ಎನ್ನುತ್ತಾರೆ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯನ್ನು ಮಕ್ಕಳಿಗೆ ಎಷ್ಟೋ ಸಲ ವಿವರಿಸಿದ್ದೆ. ಅದು ನನ್ನ ಮೈಮೇಲೇ ಬರುತ್ತದೆಂದು ತಿಳಿದಿರಲಿಲ್ಲ. ಮನಸ್ಸಿನ ಡಾಕ್ಟರನ್ನೂ ನೋಡಬೇಕಿತ್ತು. ಚಿಕ್ಕ ವಯಸ್ಸಿನ ಹುಡುಗಿ, "ನಿಮಗೆ ಯಾವಾಗ ತಿನ್ನಬೇಕು ಅನ್ನಿಸುತ್ತೆ ಮೇಡಂ?" ಎಂದು ಕೇಳಿದಳು. "ತಿನ್ನದೇ ಇರುವಾಗ" ಎಂದೆ. ಅವಳು ನಕ್ಕು ಸುಮ್ಮನಾದಳು. ಸುಮ್ಮನೇ ಇದ್ದಳು. ಆ ಮೌನದಲ್ಲಿ ನಾನು ಅಪ್ಪ ತೀರಿಕೊಂಡ ವರ್ಷದ ಅಡುಗೆಮನೆಯ ಕಥೆಯನ್ನೆಲ್ಲ ಹೇಳಿಬಿಟ್ಟೆ.

ಊರಿನಲ್ಲಿ ಮಾತ್ರ ಯಾರಿಗೂ ಹೇಳಲಿಲ್ಲ. ನಮ್ಮ ಕಡೆ ಆಪರೇಷನ್ನುಗಳಲ್ಲೂ ಮೇಲು ಕೀಳು ಉಂಟು. ಕಣ್ಣಿನ ಪೊರೆ, ಪಿತ್ತಕೋಶದ ಕಲ್ಲು, ಗರ್ಭಕೋಶ ಇವೆಲ್ಲ ಮರ್ಯಾದಸ್ಥ ಆಪರೇಷನ್ನುಗಳು; ಜನ ಎಳನೀರು ಹಿಡಿದುಕೊಂಡು ನೋಡಲು ಬರುತ್ತಾರೆ. ತೂಕಕ್ಕೆ ಆಪರೇಷನ್ ಎಂದರೆ ಮಾತ್ರ, "ಬಾಯಿ ಕಟ್ಟಿದ್ರೆ ಸಾಕಿತ್ತಲ್ಲ" ಎನ್ನುತ್ತಾರೆ. ಬಾಯಿ ಕಟ್ಟಿ ಬಿಚ್ಚಿ ಕಟ್ಟಿ ಬಿಚ್ಚಿ ನನ್ನ ಅರ್ಧ ಆಯುಷ್ಯ ಕಳೆದಿತ್ತು. ಶಾಲೆಯಲ್ಲಿ 'ಗರ್ಭಕೋಶ' ಎಂದು ಹೇಳಿ ರಜೆ ಹಾಕಿದೆ. ಯಶೋದಕ್ಕ 'ಕಲ್ಲು' ಎಂದು ಹೇಳಿದ್ದರು.

ಕಾಯುವ ಆ ತಿಂಗಳುಗಳಲ್ಲಿ ಸಂಜೆ ನಮ್ಮಿಬ್ಬರ ಫೋನು ತಪ್ಪುತ್ತಿರಲಿಲ್ಲ. "ಇವತ್ತು ಎಂಥ ತಿಂದ್ರಿ ಟೀಚರಮ್ಮ?" ಎಂದು ಶುರು. ಕದ್ದು ತಿಂದದ್ದನ್ನು ಒಬ್ಬರಿಗೊಬ್ಬರು ಒಪ್ಪಿಸಿಕೊಳ್ಳುತ್ತಿದ್ದೆವು. ಅವರು ಕಡುಬು, ಕೋಳಿಸಾರಿಗೆ ವಿದಾಯ ಹೇಳುತ್ತಿದ್ದರೆ ನಾನು ಪತ್ರೊಡೆಗೆ. ಆಮೇಲೂ ತಿನ್ನಬಹುದು, ಒಂದು ಚೂರು ಮಾತ್ರ ಎಂದು ಡಾಕ್ಟರು ಹೇಳಿದ್ದರು. ಪತ್ರೊಡೆಯನ್ನು ಒಂದು ಚೂರು ತಿನ್ನುವುದು ಹೇಗೆ ಎಂಬುದು ನನ್ನ ಕಲ್ಪನೆಗೆ ಆಗ ನಿಲುಕಿರಲಿಲ್ಲ.

ಆ ದಿನಗಳಲ್ಲಿ ಹೊಟ್ಟೆಯ ಬಗ್ಗೆ ಬಹಳ ಯೋಚಿಸಿದೆ. ಎಲ್ಲ ಭಾವನೆಗಳ ಮನೆ ಎದೆ ಎನ್ನುವವರು ನಮ್ಮ ಭಾಷೆಯನ್ನು ಕಿವಿಗೊಟ್ಟು ಕೇಳಿಲ್ಲ. ನಾವು ಬದುಕುವುದು ಹೊಟ್ಟೆಪಾಡು. ಪಕ್ಕದವರ ತೋಟ ಚೆನ್ನಾಗಿದ್ದರೆ ಹೊಟ್ಟೆಕಿಚ್ಚು. ಯಾರಾದರೂ ಉಪಕಾರ ಮಾಡಿದರೆ ಅವರ ಹೊಟ್ಟೆ ತಣ್ಣಗಿರಲಿ. ಇನ್ನು ತಪ್ಪು ಮಾಡಿದವರು ಕೈಮುಗಿದು ಕೇಳುವುದು, "ಹೊಟ್ಟೆಗೆ ಹಾಕ್ಕೊಳ್ಳಿ" ಎಂದು. ಇಷ್ಟು ವರ್ಷ ಎಷ್ಟೋ ಮಾತುಗಳನ್ನು, ಮದುವೆ ಮನೆಗಳ ಪಿಸುಗುಟ್ಟುವಿಕೆಯನ್ನು, ಬಟ್ಟೆ ಅಂಗಡಿಯವನ "ನಿಮ್ಮ ಸೈಜ್ ಬರಲ್ಲ ಅಕ್ಕ"ನನ್ನು ನಾನು ಹೊಟ್ಟೆಗೆ ಹಾಕಿಕೊಂಡಿದ್ದೆ. ಹೊಟ್ಟೆ ಪುಟ್ಟಬಾಳೆಯಷ್ಟಾದ ಮೇಲೆ ಇವನ್ನೆಲ್ಲ ಎಲ್ಲಿಡುವುದು? ಯಶೋದಕ್ಕನಿಗೆ ಹೇಳಿದೆ. "ಇಡೋದು ಎಂಥಕ್ಕೆ? ವಾಪಸ್ ಕೊಟ್ಬಿಡಿ" ಎಂದರು.

ಕೊನೆಗೂ ತಾರೀಖು ಬಂತು. ಒಂದೇ ದಿನ, ಬೆಳಿಗ್ಗೆ ಅವರಿಗೆ, ಅವರಾದ ಮೇಲೆ ನನಗೆ. ಅದಕ್ಕೆ ಎರಡು ವಾರ ಮೊದಲಿಂದ ಬರೀ ದ್ರವಾಹಾರ. ಬೇಳೆಯ ಕಟ್ಟು, ನೀರು ಮಜ್ಜಿಗೆ, ಸೀಮೆಸುಣ್ಣದ ರುಚಿಯ ಒಂದು ಪುಡಿ. ಲಿವರಿನ ಕೊಬ್ಬು ಇಳಿದು ಡಾಕ್ಟರ ಕೈಗೆ ದಾರಿ ಬಿಡಬೇಕಂತೆ. ಮೊದಲ ಮೂರು ದಿನ ನಾನು ಮನುಷ್ಯಳಾಗಿರಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ನಾಗೇಶ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಕಾಫಿ ಮೂಟೆ ಇಡುವ ಕೋಣೆಯಲ್ಲಿ, ಮೂಟೆಯ ಮೇಲೆ ಕೂತು, ಬಾಗಿಲಿಗೆ ಬೆನ್ನು ಮಾಡಿ ಅನ್ನ ಸಾರು ಉಣ್ಣುತ್ತಿದ್ದರು. ಸದ್ದಾಗಬಾರದೆಂದು ಹಪ್ಪಳವನ್ನು ಸಾರಿನಲ್ಲಿ ನೆನೆಸಿಕೊಂಡಿದ್ದರು.

"ಇಲ್ಲಿ ಎಂತಕ್ಕೆ ಕೂತದ್ದು?"

"ಒಳಗೆ ವಾಸನೆ ಬರುತ್ತೆ, ನಿಂಗೆ ಕಷ್ಟ ಆಗುತ್ತೆ ಅಂತ."

ಅವರನ್ನು ಎಬ್ಬಿಸಿ ಒಳಗೆ ಕರೆತಂದು, ಹೊಸ ಹಪ್ಪಳ ಸುಟ್ಟು ಕೊಟ್ಟೆ. ಎದುರಿಗೆ ಕೂತು ಆ ಕರುಂ ಕುರುಂ ಕೇಳಿದೆ. ಆಮೇಲೆ ಹಸಿವು ಅಷ್ಟು ಕಾಡಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಪ್ರದೀಪನ ಜೀಪಿನಲ್ಲಿ ನಾಲ್ವರೂ ಕುದುರೆಮುಖದ ದಾರಿಯಾಗಿ ಹೊರಟೆವು. ಟೌನ್‌ಶಿಪ್ಪಿನ ಹತ್ತಿರ ಯಶೋದಕ್ಕನಿಗೆ ಕಾಲು ಜೋಮು ಹಿಡಿದು ಜೀಪು ನಿಲ್ಲಿಸಿದೆವು. ಗಣಿ ನಿಂತು ಎಷ್ಟೋ ವರ್ಷವಾಗಿ, ಕ್ವಾರ್ಟರ್ಸುಗಳ ಕಿಟಕಿಗಳಿಗೆ ಬಳ್ಳಿ ಹತ್ತಿತ್ತು. ಮೋರಿಯ ಕಟ್ಟೆಯ ಮೇಲೆ ಕೂತು ಅವರಿಗೆ ನಮ್ಮ ಮನೆಯಿದ್ದ ಸಾಲು ತೋರಿಸಿದೆ.

"ಇಷ್ಟು ದೊಡ್ಡ ಊರು ಹಿಂಗೆ ಕರಗಿ ಹೋಗುತ್ತಾ?" ಎಂದರು.

"ಹೋಗುತ್ತೆ ಯಶೋದಕ್ಕ."

"ಹಂಗಾದ್ರೆ ನಾವೂ ಕರಗ್ತೀವಿ ಬಿಡಿ!"

ಕಟ್ಟೆ ಅಲುಗುವಷ್ಟು ನಕ್ಕೆವು. ಅವರು ನಕ್ಕಮೇಲೆ ಉಸಿರು ಸಿಗದೆ ಸ್ವಲ್ಪ ಹೊತ್ತು ಎದೆಯ ಮೇಲೆ ಕೈಯಿಟ್ಟುಕೊಂಡಿದ್ದರು. ನನಗೂ ಹಾಗೇ ಆಗುವುದರಿಂದ ಅದರಲ್ಲಿ ವಿಶೇಷ ಕಾಣಲಿಲ್ಲ.

ಆಸ್ಪತ್ರೆಯಲ್ಲಿ ಕೊನೆಯ ಪರೀಕ್ಷೆಗಳು. ಮೊದಲು ಮಾಡಿದ್ದ ಹೃದಯದ ಎಕೋ ಸ್ಕ್ಯಾನು ಹಳೆಯದಾಯಿತೆಂದು ಅವರಿಗೆ ಮತ್ತೊಮ್ಮೆ ಮಾಡಿದರು. ಅರಿವಳಿಕೆ ಕೊಡುವ ಡಾಕ್ಟರು ಅದನ್ನು ನೋಡಿದರು, ಹೃದಯದ ಡಾಕ್ಟರನ್ನು ಕರೆಸಿದರು, ಬಾಗಿಲು ಹಾಕಿಕೊಂಡು ಮಾತಾಡಿದರು. ಆಮೇಲೆ ಸರ್ಜನ್ ಡಾಕ್ಟರೇ ಹೊರಗೆ ಬಂದು ಯಶೋದಕ್ಕನ ಎರಡೂ ಕೈ ಹಿಡಿದುಕೊಂಡರು. ಹೃದಯ ದುರ್ಬಲವಾಗಿದೆ, ಈಗ ಅರಿವಳಿಕೆ ಕೊಡುವುದು ಅಪಾಯ, ಮೊದಲು ಹೃದಯಕ್ಕೆ ಔಷಧಿ, ಆಪರೇಷನ್ ಆಮೇಲೆ ನೋಡೋಣ ಎಂದರು. ಯಶೋದಕ್ಕ ಕೇಳಿದ್ದು ಒಂದೇ ಪ್ರಶ್ನೆ.

"ನಾನು ಸರಿಯಾಗಿ ಪಥ್ಯ ಮಾಡಿದ್ದೆ. ಅದ್ರಲ್ಲೇನಾದ್ರೂ ತಪ್ಪಾಯ್ತಾ ಡಾಕ್ಟ್ರೇ?"

"ಇಲ್ಲಮ್ಮ. ನಿಮ್ಮದೇನೂ ತಪ್ಪಿಲ್ಲ."

ಪ್ರದೀಪ ಔಷಧಿಯ ಚೀಟಿ ಹಿಡಿದುಕೊಂಡು ಹೋದ. ಅವರು ನನ್ನ ಕಡೆ ತಿರುಗಿ, "ಬನ್ನಿ, ಇನ್ನು ನಾನು ತಿನ್ನಬಹುದಲ್ಲ" ಎಂದರು. ಕ್ಯಾಂಟೀನಿಗೆ ಹೋದೆವು. ಅಲ್ಲಿ ಬೆಂಚುಗಳಿದ್ದವು, ಕೂತೆವು. ಎರಡು ಇಡ್ಲಿ ತರಿಸಿದರು. ನಾನು ನೀರಿನ ಲೋಟ ಹಿಡಿದು ಎದುರಿಗೆ ಕೂತಿದ್ದೆ. ಅವರು ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದರು.

"ಉಪ್ಪೇ ಇಲ್ಲ ಮಾರಾಯ್ರೆ ಇದಕ್ಕೆ," ಎಂದರು. ಎನ್ನುತ್ತಿದ್ದ ಹಾಗೇ ಕಣ್ಣಿಂದ ನೀರು ಇಳಿಯತೊಡಗಿತು. ಒರೆಸಿಕೊಳ್ಳಲೂ ಇಲ್ಲ. ತುತ್ತು ಬಾಯಲ್ಲೇ ಇತ್ತು.

ನನ್ನ ಬಾಯಿಂದ ಮಾತು ತಾನಾಗಿ ಬಂತು. "ನನಗೂ ಈಗ ಬೇಡ ಯಶೋದಕ್ಕ. ನಿಮ್ಮದು ಸರಿಯಾಗಲಿ, ಒಟ್ಟಿಗೇ ಮಾಡಿಸ್ಕೊಳ್ಳೋಣ."

ಅವರು ನುಂಗಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನನ್ನು ನೋಡಿದರು. ಅಷ್ಟು ಸಿಟ್ಟಿನಲ್ಲಿ ಅವರನ್ನು ನಾನು ಕಂಡಿರಲಿಲ್ಲ.

"ನೀವು ಬಿಟ್ರೆ ನನ್ನ ಹಾರ್ಟು ಗಟ್ಟಿಯಾಗುತ್ತಾ ಟೀಚರಮ್ಮ?" ಎಂದರು. "ಹೆದರಿಕೆ ಆದ್ರೆ ಹೆದರಿಕೆ ಅನ್ನಿ. ನನ್ನ ಹೆಸರು ಹೇಳ್ಕೊಂಡು ತಪ್ಪಿಸ್ಕೋಬೇಡಿ."

ನಾನು ತಲೆ ತಗ್ಗಿಸಿದೆ. ಹೆದರಿಕೆಯೇ ಅದು. ಅವರ ಎದೆಯ ಸುದ್ದಿ ಕೇಳಿದಾಗಿನಿಂದ ಹಿಡಿದದ್ದು. ಅರಿವಳಿಕೆ ಕೊಟ್ಟವರು ಎಚ್ಚರ ಮಾಡದಿದ್ದರೆ? ಮಕ್ಕಳಿಬ್ಬರೂ ಇನ್ನೂ ಓದುತ್ತಿದ್ದಾರೆ. ಮನೆಯಲ್ಲಿ ಉಸಿರು ಕಾಯುತ್ತ ಕೂತಿದ್ದ ಮನುಷ್ಯ ಇಲ್ಲಿ ಬಾಗಿಲು ಕಾಯಬೇಕು. ಅವೆಲ್ಲವನ್ನೂ ಹೇಳಿದೆ. ಯಶೋದಕ್ಕ ಪೂರ್ತಿ ಕೇಳಿಸಿಕೊಂಡರು. "ನಂಗೂ ಇದೆಲ್ಲ ಇತ್ತು," ಎಂದರು ಮೆತ್ತಗೆ. "ಆದ್ರೂ ನಾಳೆ ಹೋಗೋಳಿದ್ದೆ ನಾನು." ಉಳಿದ ಇಡ್ಲಿ ಹಾಗೇ ಬಿಟ್ಟು ಎದ್ದರು.

ಮರುದಿನ ಬೆಳಿಗ್ಗೆ ಯಶೋದಕ್ಕನಿಗೆ ಇಟ್ಟಿದ್ದ ಹೊತ್ತನ್ನೇ ಆಸ್ಪತ್ರೆಯವರು ನನಗೆ ಕೊಟ್ಟರು. ಪ್ರದೀಪ ಅಮ್ಮನನ್ನು ಊರಿಗೆ ಹೊರಡಿಸಲು ನೋಡಿದ, ಅವರು ಕದಲಲಿಲ್ಲ. ನನ್ನನ್ನು ತಳ್ಳಿಕೊಂಡು ಹೋಗುವಾಗ ಮೇಲೆ ಮೂರು ಮುಖ ಕಂಡವು. ಯಶೋದಕ್ಕ ನನ್ನ ಹಣೆ ಮುಟ್ಟಿ, "ಬೇಗ ಬನ್ನಿ" ಎಂದರು, ಸಂತೆಗೆ ಹೊರಟವಳಿಗೆ ಹೇಳುವ ಹಾಗೆ.

ಆಪರೇಷನ್ ಸುಸೂತ್ರವಾಯಿತು. ಎಚ್ಚರವಾದಾಗ ಬಾಯಿ ಒಣಗಿತ್ತು, ಹೊಟ್ಟೆಯಲ್ಲಿ ಯಾರೋ ಕೂತ ಹಾಗಿತ್ತು. ನಾಗೇಶ ಕಾಲ ಬಳಿ ನಿಂತಿದ್ದರು. ಎರಡು ದಿನ ಕಳೆದು ಮಾತಾಡುವಂತಾದಾಗ ಅವರು ಹೇಳಿದರು: "ಯಶೋದಕ್ಕ ಅಷ್ಟು ಹೊತ್ತೂ ಬಾಗಿಲ ಹತ್ರ ನಿಂತೇ ಇದ್ರು. ಅಲ್ಲಿದ್ದದ್ದು ಆ ಕೈ ಇರೋ ಕುರ್ಚಿಗಳೇ. ಕಡೆಗೆ ನರ್ಸು ಎಲ್ಲಿಂದಲೋ ಸ್ಟೂಲು ತಂದು ಹಾಕಿದ್ಲು." ಎದೆ ಸರಿಯಿಲ್ಲವೆಂದು ಹಿಂದಿನ ದಿನವಷ್ಟೇ ಕೇಳಿಸಿಕೊಂಡ ಹೆಂಗಸು ಅವರು.

ಈಗ ಒಂದು ವರ್ಷದ ಮೇಲಾಯಿತು. ನನ್ನ ತೂಕ ಬಹಳಷ್ಟು ಇಳಿದಿದೆ. ಪತ್ರೊಡೆಯ ಒಂದು ಚೂರು ತಿನ್ನುವುದು ಹೇಗೆಂದು ತಿಳಿದಿದ್ದೇನೆ. ಆ ಒಂದು ಚೂರಿಗೆ ಅರ್ಧ ಗಂಟೆ ಬೇಕು. ಕೂದಲು ಉದುರಿತು, ಕೆಲವು ದಿನ ವಾಂತಿ, ಕೆಲವು ದಿನ ಕಾರಣವಿಲ್ಲದ ಅಳು. ನಾಗೇಶ ಈಗ ಗೊರಕೆ ಹೊಡೆಯುತ್ತಾರೆ. ಅದಕ್ಕೆ ನನಗೆ ಎಚ್ಚರವಾಗುತ್ತದೆ. ಸಂತೋಷದಿಂದ ಕೇಳಿಸಿಕೊಳ್ಳುತ್ತೇನೆ. 'ಗರ್ಭಕೋಶ'ದ ಸುಳ್ಳೂ ಉಳಿಯಲಿಲ್ಲ. ಇಷ್ಟು ಇಳಿಯಲು ಏನು ಮಾಡಿದೆ ಎಂದು ಸಹೋದ್ಯೋಗಿಗಳು ಕೇಳಿದಾಗ ನಿಜ ಹೇಳಿದೆ. ಕೆಲವರು ಮೂತಿ ತಿರುವಿದರು. ಒಬ್ಬರು ಮಾತ್ರ ಸಂಜೆ ಒಬ್ಬರೇ ಬಂದು, ತಮ್ಮ ತಂಗಿಗೆಂದು, ಡಾಕ್ಟರ ವಿಳಾಸ ಕೇಳಿಕೊಂಡು ಹೋದರು.

ಯಶೋದಕ್ಕ ಹೃದಯದ ಮಾತ್ರೆ ನುಂಗುತ್ತಿದ್ದಾರೆ. ಉಪ್ಪು ಕಡಿಮೆ, ನೀರು ಅಳತೆಗೆ. ನಿಧಾನ ನಡೆಯುತ್ತಾರೆ. ಅವರು ಅಷ್ಟೇ ದಪ್ಪಗಿದ್ದಾರೆ. ಮೊದಲ ಕೆಲವು ತಿಂಗಳು ನನಗೆ ಅವರೆದುರು ಹೋಗಲು ಸಂಕೋಚವಾಗುತ್ತಿತ್ತು, ಇಬ್ಬರೂ ಒಟ್ಟಿಗೆ ಹರಕೆ ಹೊತ್ತು ನನ್ನದು ಮಾತ್ರ ತೀರಿದ ಹಾಗೆ. ಹೋದರೆ ಅವರು ನನ್ನ ರವಿಕೆಯ ಸಡಿಲವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಇಷ್ಟು ಒಳಗೆ ಹಿಡೀಬೇಕು. ಕೊಡಿ, ಸೊಸೆ ಹೊಲಿದು ಕೊಡ್ತಾಳೆ" ಎಂದರು.

ನನ್ನದೇ ಸರದಿ ಕಾಯುವಾಗ ನನಗೆ ಆತುರವಿತ್ತು, ಸಿಡಿಮಿಡಿಯಿತ್ತು. ಇನ್ನೊಬ್ಬರಿಗಾಗಿ ಕಾಯುವುದು ಹಾಗಲ್ಲ. ಕೇಳಲೂ ಧೈರ್ಯ ಬರುವುದಿಲ್ಲ, ಕೇಳದಿರಲೂ ಆಗುವುದಿಲ್ಲ. ಕಳೆದ ವಾರ ಅವರಿಗೆ ಮತ್ತೆ ಎಕೋ ಇತ್ತು. ನಾನು ಇಡೀ ದಿನ ಪಾಠ ಮಾಡುತ್ತ ಕಿವಿಯನ್ನು ಫೋನಿನಲ್ಲೇ ಇಟ್ಟಿದ್ದೆ. ಮಕ್ಕಳು ಉತ್ತರ ತಪ್ಪು ಹೇಳಿದರೂ ಸರಿ ಎಂದೆ. ಸಂಜೆ ಅವರೇ ಫೋನು ಮಾಡಿದರು. ಜೀಪಿನ ಸದ್ದಿನ ನಡುವೆ ಕೂಗಿ ಮಾತಾಡುತ್ತಿದ್ದರು.

"ಎಂತ ಅಂದ್ರು ಯಶೋದಕ್ಕ?"

"ಹಾರ್ಟು ಸ್ವಲ್ಪ ಸುಧಾರಿಸಿದೆಯಂತೆ. ಆದ್ರೂ ಈಗ್ಲೇ ಆಗಲ್ಲ, ಇನ್ನೂ ಕಾಯ್ಬೇಕು ಅಂದ್ರು."

"ಇನ್ನೂ ಕಾಯ್ಬೇಕಾ..." ಎಂದಷ್ಟೇ ಅಂದೆ. ನನ್ನ ದನಿ ಬಿದ್ದುಹೋದದ್ದು ಅವರಿಗೆ ಕೇಳಿಸಿರಬೇಕು.

"ಅಯ್ಯೋ, ನೀವ್ಯಾಕೆ ಹಿಂಗೆ ಮಾಡ್ತೀರಿ ಟೀಚರಮ್ಮ?" ಎಂದು ಆ ಕಡೆಯಿಂದ ನಗು ಬಂತು. "ಕಾಯ್ಬೇಕು ಅಂದ್ರು ಕಣ್ರೀ. ಬೇಡ ಅನ್ಲಿಲ್ಲ!"